ಕ್ರಿಸ್ತನ ಪಾದದಡಿಯ ಕಾಡು

ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ, ಕೊರ್ಕೊವಾದೊ ಬೆಟ್ಟದ ನೆತ್ತಿಯ ಮೇಲೆ ಎರಡೂ ತೋಳುಗಳನ್ನು ಚಾಚಿ ನಿಂತಿರುವ ಉದ್ಧಾರಕ ಕ್ರಿಸ್ತನ ಪ್ರತಿಮೆಯನ್ನು ನೀವು ಕ್ಯಾಲೆಂಡರುಗಳಲ್ಲಿ ನೋಡಿಯೇ ಇರುತ್ತೀರಿ. 1931ರ ಅಕ್ಟೋಬರ್ 12ರಂದು ಅನಾವರಣಗೊಂಡ ಆ ಪ್ರತಿಮೆಯ ಮೇಲೆ ನೆಟ್ಟ ನಮ್ಮ ದೃಷ್ಟಿ, ಅದರ ಪಾದದಡಿ ಹಬ್ಬಿರುವ ದಟ್ಟ ಹಸಿರಿನತ್ತ ಹೊರಳುವುದು ಅಪರೂಪ. ಅದು ತಿಜೂಕಾ ಅರಣ್ಯ. ಕಂಡವರು ಅದನ್ನು ಸೃಷ್ಟಿಯ ಆದಿಯಿಂದಲೂ ಹಾಗೆಯೇ ಉಳಿದುಬಂದ ಕಾಡೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಇನ್ನೂರು ವರ್ಷಗಳ ಹಿಂದೆ ಆ ಇಳಿಜಾರುಗಳ ಬಹುಭಾಗದಲ್ಲಿ ಇದ್ದದ್ದು ಕಾಡಲ್ಲ, ಕಾಫಿ ತೋಟ.

ನಮ್ಮ ಕೊಡಗು, ಚಿಕ್ಕಮಗಳೂರುಗಳಲ್ಲಿ ಮರಗಳ ನೆರಳಿನಲ್ಲಿ ಕಾಫಿ ಬೆಳೆಯುವುದನ್ನು ಕಂಡಿರುವ ನಮಗೆ ಅಲ್ಲಿಯ ಪದ್ಧತಿ ವಿಚಿತ್ರವೆನಿಸೀತು. ಅಲ್ಲಿ ಅಟ್ಲಾಂಟಿಕ್ ಕರಾವಳಿಯ ಮಳೆಕಾಡನ್ನು ಕಡಿದು, ಸುಟ್ಟು, ಬೋಳಾದ ನೆಲದಲ್ಲಿ ಕಾಫಿಯನ್ನು ನೆಟ್ಟರು. ಆಫ್ರಿಕದಿಂದ ಬಲಾತ್ಕಾರವಾಗಿ ತಂದ ಗುಲಾಮರು ಆ ಕೆಲಸಕ್ಕೆ ಬೆನ್ನು ಬಗ್ಗಿಸಿದರು. ಕೆಲವು ದಶಕಗಳಲ್ಲೇ ಮೇಲ್ಮಣ್ಣು ಕೊಚ್ಚಿಹೋಗಿ ಇಳುವರಿ ಕುಸಿಯಿತು. ಅದಕ್ಕಿಂತ ದೊಡ್ಡ ಸಂಕಟವೊಂದು ಕಾದಿತ್ತು. ನಗರದ ಜನರು ಕುಡಿಯುತ್ತಿದ್ದುದು ಆ ಬೆಟ್ಟಗಳಿಂದ ಇಳಿಯುವ ಹೊಳೆಗಳ ನೀರನ್ನೇ. 1840ರ ದಶಕದ ಬರಗಾಲದಲ್ಲಿ ಹೊಳೆಗಳು ಬತ್ತಿದಾಗ, ಮರ ಹೋದರೆ ನೀರೂ ಹೋಗುತ್ತದೆಂಬ ಸತ್ಯ ರಾಜಧಾನಿಗೆ ಮನದಟ್ಟಾಯಿತು. ಸರಕಾರವು ನೀರಿನ ಮೂಲಗಳ ಸುತ್ತಲ ಜಮೀನುಗಳನ್ನು ಒಡೆಯರಿಂದ ವಶಪಡಿಸಿಕೊಳ್ಳತೊಡಗಿತು.

1861ರಲ್ಲಿ ಎರಡನೆಯ ಪೆದ್ರೊ ಚಕ್ರವರ್ತಿಯ ಸರಕಾರವು ಮೇಜರ್ ಮನುಯೆಲ್ ಗೋಮಿಸ್ ಆರ್ಚರ್ ಎಂಬವರಿಗೆ ಕಾಡನ್ನು ಮರಳಿ ಬೆಳೆಸುವ ಹೊಣೆಯನ್ನು ಒಪ್ಪಿಸಿತು. ಅವರು ಹೊರಗಿನ ಯಾವುದೋ ಒಂದೇ ಜಾತಿಯ ಮರವನ್ನು ಸಾಲಾಗಿ ನೆಡಲಿಲ್ಲ. ತಮ್ಮ ತೋಟದಿಂದಲೂ ಸಮೀಪದ ಕಾಡುಗಳಿಂದಲೂ ಸಸಿಗಳನ್ನು ತರಿಸಿದರು. ಅವುಗಳಲ್ಲಿ ಬಹುಪಾಲು ಆ ನಾಡಿನ ಮರಗಳೇ. ಇತಿಹಾಸ ಚಕ್ರವರ್ತಿಯನ್ನೂ ಮೇಜರರನ್ನೂ ಹೊಗಳುತ್ತದೆ, ಅದು ಸರಿಯೇ. ಆದರೆ ಗುಂಡಿ ತೋಡಿದವರು ಯಾರು? ಆರಂಭದಲ್ಲಿ ದುಡಿದವರು ಆರು ಮಂದಿ ಗುಲಾಮರು: ಎಲ್ಯೂಟೇರಿಯೊ, ಕೊನ್ಸ್ಟಾಂಟಿನೊ, ಮನುಯೆಲ್, ಮತೇಯುಸ್, ಲಿಯೊಪೊಲ್ಡೊ ಮತ್ತು ಮರಿಯಾ ಎಂಬ ಒಬ್ಬ ಸ್ತ್ರೀ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಕಾಡನ್ನು ಕಡಿದ ಕೈಗಳೂ ಬಂಧನದಲ್ಲಿದ್ದವು. ಅದನ್ನು ಮರಳಿ ನೆಟ್ಟ ಕೈಗಳೂ ಬಂಧನದಲ್ಲಿದ್ದವು.

1874ರವರೆಗೆ ಆರ್ಚರ್ ನೆಡಿಸಿದ ಸಸಿಗಳು ಸುಮಾರು ಒಂದು ಲಕ್ಷವೆಂದು ಹೇಳುತ್ತಾರೆ. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಐದು ಮೀಟರಿಗೊಂದರಂತೆ ನೆಟ್ಟು, ಒಂದೂ ಸಾಯದೆ ಉಳಿದರೂ ಒಂದು ಲಕ್ಷ ಸಸಿಗಳು ಆವರಿಸುವುದು ಎರಡೂವರೆ ಚದರ ಕಿಲೋಮೀಟರನ್ನು ಮಾತ್ರ. 1961ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಅರಣ್ಯದ ಇಂದಿನ ವಿಸ್ತೀರ್ಣ ಸುಮಾರು ನಲವತ್ತು ಚದರ ಕಿಲೋಮೀಟರು. ಹಾಗಾದರೆ ಉಳಿದುದು ಎಲ್ಲಿಂದ ಬಂತು?

ಕೊಡಲಿ ತಲಪದ ಕಡಿದಾದ ಕಮರಿಗಳಲ್ಲಿ ಹಳೆಯ ಕಾಡಿನ ತುಣುಕುಗಳು ಉಳಿದಿದ್ದವು. ಅಲ್ಲಿಂದ ಗಾಳಿ, ಹಕ್ಕಿ, ಬಾವಲಿಗಳು ಬೀಜಗಳನ್ನು ಹೊತ್ತು ತಂದವು. ಬಿಸಿಲನ್ನು ಬಯಸುವ, ಬೇಗ ಬೆಳೆಯುವ ಮರಗಳು ಮೊದಲು ಎದ್ದವು. ಇಂತಹ ಮರಗಳಲ್ಲೊಂದಕ್ಕೆ ಅಲ್ಲಿಯ ಜನ ‘ಕ್ವಾರೆಸ್ಮೈರ’ ಎನ್ನುತ್ತಾರೆ, ಅಂದರೆ ತಪಸ್ಸುಕಾಲದ ಮರ; ಆ ಕಾಲಕ್ಕೆ ಸರಿಯಾಗಿ ಅದು ನೇರಳೆ ಹೂಗಳನ್ನು ತಳೆಯುತ್ತದೆ. ಇಂತಹ ಮರಗಳ ನೆರಳಿನಲ್ಲಿ ನಿಧಾನವಾಗಿ ಬೆಳೆಯುವ ದೀರ್ಘಾಯುಷಿ ಮರಗಳು ತಲೆಯೆತ್ತಿದವು. ಮನುಷ್ಯನು ಆರಂಭಿಸಿದ, ಪೂರೈಸಿದ್ದು ನಿಸರ್ಗ.

ಈ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪಾತ್ರವಿದೆ. ಪೋರ್ಚುಗೀಸರ ಹಡಗುಗಳು ಬ್ರೆಜಿಲ್‌ನ ಗೇರನ್ನು ನಮ್ಮ ಕರಾವಳಿಗೆ ತಂದವು; ನಮ್ಮ ಪಶ್ಚಿಮಘಟ್ಟದ ಹಲಸನ್ನು ಅತ್ತ ಒಯ್ದವು. ‘ಹಸಿದು ಹಲಸು, ಉಂಡು ಮಾವು’ ಎಂದು ನಾವು ಪ್ರೀತಿಯಿಂದ ನೆನೆಯುವ ಅದೇ ಹಲಸು ತಿಜೂಕಾದಲ್ಲಿ ಮಿತಿಮೀರಿ ಹಬ್ಬಿ, ತನ್ನ ಬುಡದಲ್ಲಿ ಸ್ಥಳೀಯ ಸಸಿಗಳಿಗೆ ಎಡೆಗೊಡದ ಅತಿಥಿಯಾಗಿದೆ. ಮರ ಕೆಟ್ಟದ್ದಲ್ಲ, ನೆಲೆ ತಪ್ಪಿದೆ, ಅಷ್ಟೆ.

ಇನ್ನೂ ಒಂದು ಕೊರತೆಯಿತ್ತು. ಮರಗಳು ಮರಳಿದರೂ ಪ್ರಾಣಿಗಳಲ್ಲಿ ಹಲವು ಮರಳಲಿಲ್ಲ. ದೊಡ್ಡ ಬೀಜಗಳನ್ನು ಒಯ್ದು ಬಿತ್ತುವವರಿಲ್ಲದೆ, ಹೊರಗಿನಿಂದ ಹಸಿರಾಗಿ ಕಂಡ ಕಾಡು ಒಳಗೆ ಮೂಕವಾಗಿತ್ತು. 2010ರಲ್ಲಿ ಸಂಶೋಧಕರು ಅಗೂಟಿ ಎಂಬ, ಮೊಲದ ಗಾತ್ರದ ಪ್ರಾಣಿಯನ್ನು ಅಲ್ಲಿಗೆ ಮರಳಿ ತಂದರು. ಅದು ಬೀಜಗಳನ್ನು ನಾಳೆಗೆಂದು ಮಣ್ಣಿನಲ್ಲಿ ಹೂತಿಡುತ್ತದೆ. ಮರೆತ ಬೀಜ ಮರವಾಗುತ್ತದೆ. 2015ರಲ್ಲಿ, ಶತಮಾನಕ್ಕೂ ಹೆಚ್ಚು ಕಾಲದಿಂದ ಕಾಣೆಯಾಗಿದ್ದ ಕೂಗುಕೋತಿಗಳು ಬಂದವು. ಅವು ಹಣ್ಣು ತಿಂದು ಹಾಕಿದ ಹಿಕ್ಕೆಯಲ್ಲಿನ ಬೀಜಗಳನ್ನು ಸಗಣಿಹುಳುಗಳು ಮಣ್ಣಿಗೆ ಸೇರಿಸುತ್ತವೆ.

ಸಹಜ ಅರಣ್ಯದ ಸ್ಥಾನದಲ್ಲಿ ಒಂದೇ ಜಾತಿಯ ನೆಡುತೋಪನ್ನು ಎಬ್ಬಿಸುವುದರಿಂದ ಜೀವವೈವಿಧ್ಯಕ್ಕಾಗುವ ಹಾನಿಯನ್ನು ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಎಚ್ಚರಿಸಿದ್ದರು. ಕರಾವಳಿಯ ಗುಡ್ಡಗಳಲ್ಲಿ ಸಾಲುಸಾಲಾಗಿ ನಿಂತ ಅಕೇಶಿಯಾಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜುಲೈ ಬಂದರೆ ನಾವೂ ವನಮಹೋತ್ಸವವನ್ನು ಆಚರಿಸುತ್ತೇವೆ. ಸಸಿ ನೆಟ್ಟು, ಛಾಯಾಚಿತ್ರ ತೆಗೆಸಿಕೊಂಡು ಮನೆಗೆ ಹೋಗುತ್ತೇವೆ. ನೆಡುವುದು ಬೇಡವೆಂದಲ್ಲ. ಆದರೆ ದೇವಾಲಯದ ಹಿತ್ತಿಲಲ್ಲೋ ಗದ್ದೆಯ ಅಂಚಿನಲ್ಲೋ ಉಳಿದಿರುವ ಹಳೆಯ ಕಾಡಿನ ತುಣುಕನ್ನು ‘ಪೊದೆ ಬೆಳೆದಿದೆ, ಸವರಿಸೋಣ’ ಎನ್ನುವ ಮೊದಲು ಒಮ್ಮೆ ತಿಜೂಕಾದ ಕಮರಿಗಳನ್ನು ನೆನೆಯೋಣ. ಇಂದು ನಾವು ಮುಟ್ಟದೆ ಬಿಟ್ಟ ಆ ತುಣುಕಿನಿಂದಲೇ ನಾಳೆಯ ಕಾಡು ನಡೆದು ಬರಬೇಕಾದೀತು.