ಹೆಸರು ಪಡೆದ ಹಕ್ಕಿಗಳು: ಚಿಕಾಗೋದ ಒಂದು ಮರಳದಂಡೆ

ಅಮೆರಿಕದ ಮಹಾಸರೋವರಗಳ ದಂಡೆಯಲ್ಲಿ ಗೂಡು ಮಾಡುವ ಪೈಪಿಂಗ್ ಪ್ಲೋವರ್ ಹಕ್ಕಿಗಳು 1986ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದಾಗ ಅಲ್ಲಿ ಉಳಿದಿದ್ದವು ಸುಮಾರು 17 ಜೋಡಿಗಳು. ಅಂಥದೊಂದು ಜೋಡಿ 2019ರಲ್ಲಿ ಚಿಕಾಗೋ ನಗರದ ಮಾಂಟ್‌ರೋಸ್ ದಂಡೆಯಲ್ಲಿ ಮೊಟ್ಟೆಯಿಟ್ಟಿತು. ಪಕ್ಷಿಪ್ರಿಯರು ದಂಡೆಯ ಹೆಸರನ್ನೇ ಇಬ್ಭಾಗಿಸಿ ಗಂಡನ್ನು ಮಾಂಟಿ, ಹೆಣ್ಣನ್ನು ರೋಸ್ ಎಂದು ಕರೆದರು. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ನಾಮಕರಣ ಬರಿಯ ಮುದ್ದಿನ ಮಾತಲ್ಲ. ಕಾಲಿನ ಬಣ್ಣದ ಬಳೆಗಳಿಂದಷ್ಟೇ ಗುರುತಾಗುತ್ತಿದ್ದ ವಲಸೆ ಹಕ್ಕಿಗಳು ಅದರಿಂದ ಆ ನೆಲದ ಹಕ್ಕುದಾರರಾದವು.

ಆ ಹಕ್ಕು ಬೇಗನೆ ಪರೀಕ್ಷೆಗೊಳಗಾಯಿತು. ಆಗಸ್ಟ್‌ನಲ್ಲಿ ಅದೇ ದಂಡೆಯಲ್ಲಿ ಮ್ಯಾಂಬಿ ಸಂಗೀತೋತ್ಸವ ನಡೆಯಬೇಕಿತ್ತು. ಮರಳಿನ ಬಣ್ಣವೇ ಮರಿಗಳಿಗೆ ರಕ್ಷೆ. ಜನನಿಬಿಡ ನಗರದಲ್ಲಿ ಅದೇ ಅಪಾಯ, ಕಾಣದೆ ತುಳಿದವರನ್ನು ದೂರುವಂತಿಲ್ಲ. ಸ್ವಯಂಸೇವಕರು ಸರದಿಯಂತೆ ಮುಂಜಾನೆಯಿಂದ ಸಂಜೆಯವರೆಗೆ ಕಾವಲು ನಿಂತು, ಈಜಲು ಬಂದವರಿಗೆ ಮಾಂಟಿ-ರೋಸರ ಕಥೆ ಹೇಳಿದರು. ನಗರದಲ್ಲಿ ಮೌಖಿಕ ಪರಂಪರೆ ಬತ್ತಿತೆನ್ನುವ ವಿದ್ವಾಂಸರು ಇದನ್ನು ಗಮನಿಸಬೇಕು. ಜುಲೈನಲ್ಲಿ ಉತ್ಸವ ರದ್ದಾಯಿತು. ಎರಡು ಮರಿಗಳು ಬೆಳೆದು ಹಾರಿದವು. 2021ರಲ್ಲಿ ಅಲ್ಲಿನ ಸಂರಕ್ಷಿತ ದಿಣ್ಣೆಗೆ ಸುಮಾರು 3 ಎಕರೆ ಸೇರಿತು.

2022ರ ಮೇ 13ರಂದು ಮಾಂಟಿ ಅದೇ ದಂಡೆಯಲ್ಲಿ ಸತ್ತಿತು. ಆ ವಸಂತದಲ್ಲಿ ರೋಸ್ ಮರಳಲಿಲ್ಲ. ಅದೇ ತಿಂಗಳು ಅವುಗಳ ಮಗ ಇಮಾನಿ ಬಂದಿಳಿಯಿತು. 2024ರಲ್ಲಿ ಅದು ಸೀ ರಾಕೆಟ್ ಎಂಬ ಹೆಣ್ಣಿನೊಡನೆ ಗೂಡು ಮಾಡಿತು. ಸೀ ರಾಕೆಟ್ ಎಂಬುದು ಸರೋವರದ ಮರಳಿನಲ್ಲಿ ಬೆಳೆಯುವ ಒಂದು ಗಿಡದ ಹೆಸರು.