ಗಡಿಯಾಚೆಯ ಆಸರೆ

ಆಳುವವರ ಕೋಪಕ್ಕೆ ಗುರಿಯಾದವನು ಗಡಿ ದಾಟಿ ನೆರೆನಾಡಿನ ಮರೆಹೊಗುವುದು ಚರಿತ್ರೆಯಷ್ಟೇ ಹಳೆಯ ವಾಡಿಕೆ. ಈ ವಾಡಿಕೆಗೆ ಕಾನೂನಿನ ರೂಪ ಕೊಟ್ಟವರಲ್ಲಿ ಲ್ಯಾಟಿನ್ ಅಮೆರಿಕದ ದೇಶಗಳು ಮುಖ್ಯವಾದುವು. 1954ರಲ್ಲಿ ಕಾರಕಾಸ್ ನಗರದಲ್ಲಿ ಆದ ಒಪ್ಪಂದವು, ರಾಜಕೀಯ ಕಾರಣಕ್ಕಾಗಿ ಬೇಟೆಗೊಳಗಾದವರಿಗೆ ರಾಯಭಾರ ಕಚೇರಿಗಳು ಆಶ್ರಯವೀಯುವ ಹಕ್ಕನ್ನು ಮಾನ್ಯಮಾಡಿತು. 1973ರ ಸೆಪ್ಟೆಂಬರ್ 11ರಂದು ಚಿಲಿಯಲ್ಲಿ ಸೇನೆ ಅಧಿಕಾರವನ್ನು ಕಸಿದುಕೊಂಡಾಗ, ಸಾಂತಿಯಾಗೋ ನಗರದ ಹಲವು ರಾಯಭಾರ ಕಚೇರಿಗಳು ಆಶ್ರಯಾರ್ಥಿಗಳಿಂದ ತುಂಬಿಹೋದುವು. ಅನೇಕರು ಆಂಡಿಸ್ ಪರ್ವತಗಳನ್ನು ದಾಟಿ ಅರ್ಜೆಂಟೀನಾ ಸೇರಿದರು. ಅದೇ ವರ್ಷ ಸರ್ವಾಧಿಕಾರಕ್ಕೆ ಸಿಲುಕಿದ ಉರುಗ್ವೆಯಿಂದಲೂ ಜನ ಅಲ್ಲಿಗೇ ಬಂದರು.

ಗಡಿ ದಾಟಿದರೆ ಪ್ರಾಣ ಉಳಿದೀತೆಂಬ ಈ ನಂಬಿಕೆ ಬಹುಕಾಲ ಉಳಿಯಲಿಲ್ಲ. 1975ರ ನವೆಂಬರಿನಲ್ಲಿ ಚಿಲಿ, ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ, ಬೊಲಿವಿಯಾಗಳ ಗುಪ್ತಚರ ಪ್ರಮುಖರು ಸಾಂತಿಯಾಗೋದಲ್ಲಿ ಸಭೆ ಸೇರಿದರು. ಒಬ್ಬರ ವಿರೋಧಿ ಎಲ್ಲರ ವಿರೋಧಿ ಎಂಬಂತೆ ಒಂದು ಗುಪ್ತ ಕೂಟ ಏರ್ಪಟ್ಟಿತು. ಆಂಡಿಸ್‌ನ ರಣಹದ್ದಾದ ಕಾಂಡೋರ್ ಹೆಸರನ್ನು ಅದಕ್ಕೆ ಇಟ್ಟರು. 1976ರ ಮಾರ್ಚಿಯಲ್ಲಿ ಅರ್ಜೆಂಟೀನಾವೂ ಸೇನೆಯ ವಶವಾಯಿತು. ಮೇ ತಿಂಗಳಲ್ಲಿ ಉರುಗ್ವೆಯ ಇಬ್ಬರು ಹಿರಿಯ ಶಾಸಕರು, ಜೆಲ್ಮಾರ್ ಮಿಚೆಲಿನಿ ಮತ್ತು ಗುಟಿಯೆರೆಸ್ ರೂಯಿಸ್, ತಾವು ಆಶ್ರಯ ಪಡೆದಿದ್ದ ಬ್ಯೂನಸ್ ಐರಿಸ್‌ನಲ್ಲಿಯೇ ಅಪಹೃತರಾಗಿ ಕೊಲೆಯಾದರು. ಆಸರೆಯ ಮನೆಯೇ ಬಲೆಯಾಗಿ ಪರಿಣಮಿಸಿತು.

ದಬ್ಬಾಳಿಕೆ ಗಡಿ ದಾಟಿ ಒಂದಾದ ಮೇಲೆ ರಕ್ಷಣೆಯೂ ಹಾಗೆಯೇ ಒಂದಾಗಬೇಕಿತ್ತು. ಈ ಕೆಲಸಕ್ಕೆ ಮುಂದಾದವರು ಯಾವ ಸರ್ಕಾರದವರೂ ಅಲ್ಲ. 1978ರಲ್ಲಿ ಬ್ರೆಜಿಲ್‌ನ ಸಾವೋ ಪಾವ್ಲೊ ನಗರದಲ್ಲಿ ಒಬ್ಬ ಪತ್ರಕರ್ತೆ, ಒಬ್ಬ ವಕೀಲರು, ಒಬ್ಬ ಪ್ರಾಟೆಸ್ಟೆಂಟ್ ಪಾದ್ರಿ ಸೇರಿ 'ಕ್ಲಾಮೋರ್' ಎಂಬ ಸಮಿತಿಯನ್ನು ಕಟ್ಟಿದರು. ಆ ಪದಕ್ಕೆ ಮೊರೆ ಎಂದು ಅರ್ಥ. ಬ್ರೆಜಿಲ್ ಆಗ ತಾನೇ ಸೇನಾಡಳಿತದಲ್ಲಿತ್ತು. ಆ ಪಾದ್ರಿಯ ಸಹೋದರನೇ 1973ರಲ್ಲಿ ಸೇನೆಯ ಕೈಗೆ ಸಿಕ್ಕಿ ಕಣ್ಮರೆಯಾಗಿದ್ದ. ಕಾರ್ಡಿನಲ್ ಪಾವ್ಲೊ ಎವಾರಿಸ್ತೊ ಆರ್ನ್ಸ್ ಅವರ ನೆರಳು ಈ ಸಮಿತಿಯನ್ನು ಕಾಪಾಡಿತು.

ಅವರ ಆಯುಧ ಒಂದು ಸಣ್ಣ ವಾರ್ತಾಪತ್ರ. ಪೋರ್ಚುಗೀಸ್, ಸ್ಪ್ಯಾನಿಷ್, ಇಂಗ್ಲಿಷ್ ಭಾಷೆಗಳಲ್ಲಿ ಅದು ಹೊರಡುತ್ತಿತ್ತು. ತಮ್ಮ ನಾಡಿನಲ್ಲಿ ಬಾಯಿ ತೆರೆಯಲಾಗದ ಅರ್ಜೆಂಟೀನಾದ ತಾಯಂದಿರು, ಅಜ್ಜಿಯರು ತಮ್ಮವರ ಹೆಸರುಗಳನ್ನು ಸಾವೋ ಪಾವ್ಲೊಗೆ ತಂದುಕೊಟ್ಟರು. ಹೀಗೆ ಕಣ್ಮರೆಯಾದ ಏಳು ಸಾವಿರಕ್ಕೂ ಹೆಚ್ಚು ಜನರ ಪಟ್ಟಿಯನ್ನು ಸಮಿತಿ ಸಿದ್ಧಪಡಿಸಿತು. ಗುಟ್ಟಿನಲ್ಲಿ ಕೊಲ್ಲುವವನಿಗೆ ಹೆಸರು ಬಯಲಾಗುವುದಕ್ಕಿಂತ ದೊಡ್ಡ ಭಯವಿಲ್ಲ.

ಈ ಕಾರ್ಯದ ಒಂದು ಫಲವನ್ನು ಇಲ್ಲಿ ನೆನೆಯಬೇಕು. 1976ರ ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್ ಬಳಿ ಉರುಗ್ವೆಯ ದಂಪತಿಗಳ ಮನೆಯ ಮೇಲೆ ದಾಳಿಯಾಯಿತು. ಆ ತಂದೆತಾಯಿ ಮತ್ತೆ ಮರಳಲಿಲ್ಲ. ನಾಲ್ಕು ವರ್ಷದ ಹುಡುಗ, ಒಂದೂವರೆ ವರ್ಷದ ಅವನ ತಂಗಿ—ಇವರಿಬ್ಬರೂ ಡಿಸೆಂಬರಿನಲ್ಲಿ ದೂರದ ಚಿಲಿಯ ವಾಲ್ಪರೈಸೊ ನಗರದ ಒಂದು ಚೌಕದಲ್ಲಿ ಅನಾಥರಾಗಿ ಸಿಕ್ಕರು. ಅವರು ಯಾರ ಮಕ್ಕಳೆಂದು ಅಲ್ಲಿ ಯಾರಿಗೂ ತಿಳಿಯದು. ಉರುಗ್ವೆಯಲ್ಲಿದ್ದ ಅಜ್ಜಿ ಹುಡುಕುತ್ತಲೇ ಇದ್ದಳು. ಮಕ್ಕಳ ಭಾವಚಿತ್ರಗಳು ಕೈಯಿಂದ ಕೈಗೆ, ದೇಶದಿಂದ ದೇಶಕ್ಕೆ ಸಾಗಿದುವು. 1979ರಲ್ಲಿ ಕ್ಲಾಮೋರ್ ಅವರನ್ನು ಪತ್ತೆಮಾಡಿತು. ಮಕ್ಕಳು ತಮ್ಮನ್ನು ಸಾಕಿದ ಚಿಲಿಯ ದಂಪತಿಗಳಲ್ಲಿಯೇ ಬೆಳೆಯಲೆಂದೂ ಅಜ್ಜಿಯ ಬಾಂಧವ್ಯ ಉಳಿಯಲೆಂದೂ ಎರಡೂ ಮನೆಯವರು ಒಪ್ಪಿದರು. ಕೂಸನ್ನು ಎರಡಾಗಿ ಸೀಳದ ಆ ವಿವೇಕವೂ ಸಾಮಾನ್ಯವಾದುದಲ್ಲ.

ನ್ಯಾಯ ಮಾತ್ರ ಬಹಳ ತಡವಾಗಿ ಬಂತು. ಈ ಪ್ರಕರಣದಲ್ಲಿ ಅರ್ಜೆಂಟೀನಾ ಹೊಣೆಯೆಂದು ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪಿತ್ತದ್ದು 2021ರಲ್ಲಿ. ಆಗ ನಲವತ್ತೈದು ವರ್ಷಗಳು ಕಳೆದಿದ್ದುವು. ಅದೇ ವರ್ಷದ ಏಪ್ರಿಲಿನಲ್ಲಿ ಎಸ್ಕಾಸು ಒಪ್ಪಂದವೂ ಜಾರಿಗೆ ಬಂತು. ಪರಿಸರದ ವಿಷಯದಲ್ಲಿ ಹಕ್ಕುಗಳಿಗಾಗಿ ಹೋರಾಡುವವರನ್ನು ರಕ್ಷಿಸುವುದು ಸರ್ಕಾರಗಳ ಕರ್ತವ್ಯವೆಂದು ಸಾರಿದ ಮೊದಲ ಅಂತರರಾಷ್ಟ್ರೀಯ ಒಪ್ಪಂದವದು. ಆದರೂ ಆ ಖಂಡದಲ್ಲಿ ಅಂಥವರ ಕೊಲೆಗಳು ನಿಂತಿಲ್ಲ.

ಒಪ್ಪಂದಗಳು ವ್ಯರ್ಥವೆಂದು ಇದರ ಅರ್ಥವಲ್ಲ. 1954ರ ಒಪ್ಪಂದ ಅನೇಕರ ಪ್ರಾಣ ಉಳಿಸಿತು. ಆದರೆ ಸರ್ಕಾರಗಳೇ ಬೇಟೆಗಾರರಾದ ದಿನ, ಬರೆದ ಮಾತನ್ನು ಬದುಕಿಸಿದವರು ನೆರೆಮನೆಯ ಮೊರೆಗೆ ಕಿವಿಗೊಟ್ಟ ಕೆಲವೇ ಜನ. ತಮ್ಮ ಮನೆಗೂ ಬೆಂಕಿ ಬಿದ್ದಿದ್ದಾಗಲೇ ಅವರು ಹಾಗೆ ಕಿವಿಗೊಟ್ಟರು ಎಂಬುದನ್ನು ಚರಿತ್ರೆ ಮರೆಯಬಾರದು.