ದೊರೆಗೆ ಒಪ್ಪಿಸಿದ ಸಾಕ್ಷ್ಯ: ಅಮೆರಿಕದ ವಸಾಹತೀಕರಣವನ್ನು ಕಂಡವರ ಬರಹಗಳು

ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳು ಹದಿನಾರನೆಯ ಶತಮಾನದಲ್ಲಿ ಅಮೆರಿಕ ಖಂಡದ ನೆಲ ಜನಗಳನ್ನು ವಶಪಡಿಸಿಕೊಂಡ ಬಗೆಯನ್ನು ತಿಳಿಯಲು ಇತಿಹಾಸಕಾರರು ಮೊದಲು ಕೈಗೆತ್ತಿಕೊಳ್ಳುವುದು ಪ್ರತ್ಯಕ್ಷದರ್ಶಿಗಳ ಬರಹಗಳನ್ನು. ಕಣ್ಣಾರೆ ಕಂಡವರು ಬರೆದದ್ದೆಂಬ ಕಾರಣಕ್ಕೆ ಈ ಬರಹಗಳಿಗೆ ವಿಶೇಷ ಗೌರವ ಸಂದಿದೆಯಾದರೂ, ಅವು ಹುಟ್ಟಿದ ಸಂದರ್ಭವನ್ನು ನೋಡಿದರೆ ಅವುಗಳಲ್ಲಿ ಬಹುಪಾಲು ಅರಸನಿಗೋ ಅವನ ಮಂಡಲಿಗೋ ಸಲ್ಲಿಸಿದ ಅರಿಕೆಗಳೆಂಬುದು ತಿಳಿಯುತ್ತದೆ. ಸ್ಪೇನಿನ ದಂಡಯಾತ್ರೆಗಳ ಖರ್ಚನ್ನು ಹೆಚ್ಚಾಗಿ ಹೊರಟವರೇ ಭರಿಸುತ್ತಿದ್ದುದರಿಂದ, ಗೆದ್ದ ಬಳಿಕ ಪ್ರತಿಯೊಬ್ಬನೂ ತನ್ನ ಸೇವೆಯನ್ನು ಸಾಕ್ಷಿಗಳ ಮೂಲಕ ರುಜುವಾತುಪಡಿಸಿ ಪ್ರತಿಫಲ ಕೇಳಬೇಕಾಗಿತ್ತು. ಆ ಪ್ರತಿಫಲದಲ್ಲಿ ಮುಖ್ಯವಾದದ್ದು ‘ಎಂಕೊಮಿಯೆಂದಾ’, ಅಂದರೆ ಗೊತ್ತಾದ ಊರುಗಳ ಮೂಲನಿವಾಸಿಗಳಿಂದ ಕಪ್ಪವನ್ನೂ ದುಡಿಮೆಯನ್ನೂ ಪಡೆಯಲು ಒಬ್ಬ ಸ್ಪೇನಿಗನಿಗೆ ಅರಸನ ಹೆಸರಿನಲ್ಲಿ ಕೊಟ್ಟ ಹಕ್ಕು. ಬೇಡಿಕೆಯ ಈ ಲೆಕ್ಕಾಚಾರವನ್ನು ಮರೆತು ಓದಿದರೆ, ಬರೆದವನು ಏನನ್ನು ಕಂಡ ಎಂಬುದು ತಿಳಿದರೂ ಕಂಡದ್ದರಲ್ಲಿ ಏನನ್ನು ಬಿಟ್ಟ ಎಂಬುದು ಹೊಳೆಯುವುದಿಲ್ಲ.

ಬ್ರೆಜಿಲ್ ಕುರಿತ ಮೊದಲ ದಾಖಲೆಯಲ್ಲೇ ಈ ಲಕ್ಷಣವಿದೆ. 1500ರಲ್ಲಿ ಪೆದ್ರೊ ಅಲ್ವಾರೆಸ್ ಕಬ್ರಾಲ್‌ನ ನೇತೃತ್ವದಲ್ಲಿ ಭಾರತಕ್ಕೆ ಹೊರಟ 13 ಹಡಗುಗಳ ಪಡೆ ದಾರಿಯಲ್ಲಿ ಬ್ರೆಜಿಲ್ ಕರಾವಳಿಯನ್ನು ಮುಟ್ಟಿದಾಗ, ಕಲ್ಲಿಕೋಟೆಯಲ್ಲಿ ತೆರೆಯಲಿದ್ದ ವ್ಯಾಪಾರದ ಕೋಠಿಗೆ ಗುಮಾಸ್ತನಾಗಿ ಹೊರಟಿದ್ದ ಪೆರೊ ವಾಜ್ ದೆ ಕಮಿನ್ಯ ಮೇ 1ರಂದು ಪೋರ್ಚುಗಲ್ಲಿನ ದೊರೆ ಮನುಯೆಲನಿಗೆ ದೀರ್ಘವಾದ ಪತ್ರವೊಂದನ್ನು ಬರೆದ. ತುಪಿ ಭಾಷೆಯ ಆ ಕರಾವಳಿಯ ಜನರ ಮೈಬಣ್ಣ, ತುಟಿಗೆ ಚುಚ್ಚಿಕೊಂಡ ಎಲುಬು, ಅವರ ಕುಣಿತ ಮತ್ತು ನಗು ಎಲ್ಲವೂ ಅದರಲ್ಲಿ ಅಚ್ಚರಿಯಿಂದ ಕೂಡಿದ ಅಕ್ಕರೆಯೊಡನೆ ದಾಖಲಾಗಿವೆ. ಒಬ್ಬ ಯುವಕ ಕಬ್ರಾಲ್‌ನ ಕೊರಳ ಚಿನ್ನದ ಸರವನ್ನು ನೋಡಿ ನೆಲದತ್ತ ಕೈ ತೋರಿದಾಗ ಅಲ್ಲಿ ಚಿನ್ನವಿದೆಯೆಂದು ಹಡಗಿನವರು ಅರ್ಥಮಾಡಿಕೊಂಡರೆಂದು ಹೇಳುವ ಕಮಿನ್ಯ, ತಮಗೆ ಹಾಗೆ ಬೇಕಾಗಿದ್ದರಿಂದಲೇ ಹಾಗೆ ತಿಳಿದೆವೆಂದು ತಾನೇ ಒಪ್ಪಿಕೊಳ್ಳುತ್ತಾನೆ. ಆ ಕಾಲದ ಇಡೀ ಸಾಹಿತ್ಯದಲ್ಲಿ ಇಂಥ ಪ್ರಾಮಾಣಿಕತೆ ಅಪರೂಪವೆನ್ನಬೇಕು. ಆದರೆ ಇದೇ ಪತ್ರದ ಕೊನೆಯಲ್ಲಿ, ಸಾವೊ ತೋಮೆ ದ್ವೀಪಕ್ಕೆ ಗಡೀಪಾರಾಗಿದ್ದ ತನ್ನ ಅಳಿಯನನ್ನು ಮರಳಿ ಕರೆಸಿಕೊಡಬೇಕೆಂಬ ಬಿನ್ನಹವೂ ಇದೆ. ಕಮಿನ್ಯ ಅದೇ ವರ್ಷದ ಡಿಸೆಂಬರಿನಲ್ಲಿ ಕಲ್ಲಿಕೋಟೆಯ ಕೋಠಿಯ ಮೇಲೆ ನಡೆದ ದಾಳಿಯಲ್ಲಿ ಸತ್ತನೆಂದು ನಂಬಲಾಗಿದ್ದು, ಅವನ ಪತ್ರ ಲಿಸ್ಬನ್ನಿನ ದಫ್ತರಖಾನೆಯಲ್ಲಿ ಉಳಿದು 1817ರಲ್ಲಿ ಮಾತ್ರ ಅಚ್ಚಾಯಿತು.

ಮೆಕ್ಸಿಕೋದಲ್ಲಿ ಬೇಡಿಕೆ ಇನ್ನೂ ತೀವ್ರವಾದದ್ದು. ಹೆರ್ನಾನ್ ಕೊರ್ಟೆಸ್ 1519ರಲ್ಲಿ ಕ್ಯೂಬಾದ ಗವರ್ನರ್ ದಿಯೇಗೊ ವೆಲಾಸ್ಕೆಸ್‌ನ ಆಜ್ಞೆಯನ್ನು ಮೀರಿ ಹೊರಟವನಾದ್ದರಿಂದ ಕಾನೂನಿನ ಕಣ್ಣಿನಲ್ಲಿ ಬಂಡುಕೋರನಾಗಿದ್ದ. ಆ ಕಳಂಕವನ್ನು ತೊಳೆದುಕೊಳ್ಳಲು ಅವನಿಗಿದ್ದ ದಾರಿಯೆಂದರೆ ಚಕ್ರವರ್ತಿ ಐದನೆಯ ಚಾರ್ಲ್ಸ್‌ಗೆ ನೇರವಾಗಿ ಬರೆದು, ತಾನು ಗೆದ್ದದ್ದೆಲ್ಲ ಸಾಮ್ರಾಟನಿಗಾಗಿಯೇ ಎಂದು ತೋರಿಸುವುದು. 1520ರ ಅಕ್ಟೋಬರ್ 30ರ ದಿನಾಂಕವುಳ್ಳ ಎರಡನೆಯ ಪತ್ರದಲ್ಲಿ ಅಸ್ತೆಕ ದೊರೆ ಮೊಕ್ಟೆಜುಮಾ ತನ್ನ ರಾಜ್ಯವನ್ನು ಸ್ವಇಚ್ಛೆಯಿಂದ ಸ್ಪೇನಿಗೆ ಒಪ್ಪಿಸಿಕೊಟ್ಟ ಭಾಷಣವೊಂದು ಬರುತ್ತದೆ. ಆ ದೊರೆಯ ನಹುವಾಟ್ಲ್ ಮಾತನ್ನು ಮಲಿಂಟ್ಸಿನ್ ಎಂಬ ಹೆಣ್ಣುಮಗಳು ಮಾಯಾ ಭಾಷೆಗೂ, ಜೆರೋನಿಮೊ ದೆ ಅಗಿಲಾರ್ ಎಂಬ ಸ್ಪೇನಿಗ ಮಾಯಾದಿಂದ ಸ್ಪ್ಯಾನಿಷಿಗೂ ತರುತ್ತಿದ್ದರೆಂಬುದನ್ನೂ, ಆ ಭಾಷಣದಿಂದ ಕೊರ್ಟೆಸ್‌ಗೆ ಕಾನೂನಿನ ಲಾಭ ಎಷ್ಟಿತ್ತೆಂಬುದನ್ನೂ ಒಟ್ಟಿಗೆ ಇಟ್ಟು ನೋಡಿದ ಹಲವು ಇತಿಹಾಸಕಾರರು ಅದನ್ನು ನಡೆದಂತೆ ವರದಿಯಾದ ಮಾತೆಂದು ಒಪ್ಪಿಲ್ಲ.

ಈ ಪತ್ರದಲ್ಲಿ ಕಾಣದ ಘಟನೆಯೊಂದರಿಂದ ಆಕರಗಳ ತೂಕವನ್ನು ಚೆನ್ನಾಗಿ ಅಳೆಯಬಹುದು. 1520ರ ಮೇ ತಿಂಗಳಲ್ಲಿ, ತನ್ನನ್ನು ಹಿಡಿಯಲು ಬಂದ ಪಾನ್ಫಿಲೊ ದೆ ನರ್ವಾಯೆಸ್‌ನನ್ನು ಎದುರಿಸಲು ಕೊರ್ಟೆಸ್ ಕರಾವಳಿಗೆ ಹೋಗಿದ್ದಾಗ, ರಾಜಧಾನಿ ಟೆನೊಚ್ಟಿಟ್ಲಾನಿನಲ್ಲಿ ಉಳಿದಿದ್ದ ಪೆದ್ರೊ ದೆ ಅಲ್ವರಾದೊ ಟೋಷ್ಕಾಟ್ಲ್ ಎಂಬ ಹಬ್ಬದಲ್ಲಿ ಆಯುಧವಿಲ್ಲದೆ ಕುಣಿಯುತ್ತಿದ್ದ ಅಸ್ತೆಕ ಗಣ್ಯರನ್ನು ದೇವಾಲಯದ ಅಂಗಳದಲ್ಲಿ ಕೊಲ್ಲಿಸಿದ. ನಗರವೆಲ್ಲ ದಂಗೆಯೇಳಲು ಇದೇ ಕಾರಣ. ಆದರೆ ಐದು ತಿಂಗಳ ಬಳಿಕ ಬರೆದ ಕೊರ್ಟೆಸ್ ದಂಗೆಯನ್ನಷ್ಟೇ ವರ್ಣಿಸಿ ಕೊಲೆಗಳ ಸುದ್ದಿಯನ್ನೇ ಎತ್ತುವುದಿಲ್ಲ. ಅವನ ಸೈನಿಕನಾಗಿದ್ದ ಬೆರ್ನಾಲ್ ದಿಯಾಸ್ ಗ್ವಾಟೆಮಾಲಾದಲ್ಲಿ ಮುಪ್ಪಿನಲ್ಲಿ ಬರೆದ ‘ನಿಜ ಚರಿತ್ರೆ’ಯಲ್ಲಿ ಘಟನೆಯನ್ನು ಹೇಳುತ್ತಾನಾದರೂ, ಅವನೂ ಆಗ ಕೊರ್ಟೆಸ್‌ನೊಡನೆ ಕರಾವಳಿಯಲ್ಲಿದ್ದವನು, ಹಾಗಾಗಿ ಈ ಭಾಗ ಕೇಳಿದ ಸುದ್ದಿ. ಅಮೆರಿಕಕ್ಕೆ ಕಾಲಿಡದೆಯೇ ಕೊರ್ಟೆಸ್‌ನನ್ನು ಹೊಗಳಿ ಚರಿತ್ರೆ ಬರೆದ ಲೋಪೆಸ್ ದೆ ಗೋಮರನ ಮೇಲೆ ದಿಯಾಸ್‌ಗಿದ್ದ ಸಿಟ್ಟೂ, ಸಾಮಾನ್ಯ ಸೈನಿಕರಿಗೆ ತಕ್ಕ ಪಾಲು ದಕ್ಕಲಿಲ್ಲವೆಂಬ ಅಸಮಾಧಾನವೂ ಅವನ ಪುಟಗಳಲ್ಲಿ ಅಡಗಿ ಕೂತಿಲ್ಲ. 1632ರಲ್ಲಿ ಪುಸ್ತಕ ಅಚ್ಚಾದಾಗ ಅವನು ತೀರಿಕೊಂಡು ಸುಮಾರು ಅರ್ಧ ಶತಮಾನವಾಗಿತ್ತು.

ಹಬ್ಬದ ಅಂಗಳದಲ್ಲಿ ನಡೆದದ್ದನ್ನು ವಿವರವಾಗಿ ಹೇಳುವುದು ನಹುವಾಟ್ಲ್ ಆಕರ. ಫ್ರಾನ್ಸಿಸ್ಕನ್ ಪಾದ್ರಿ ಬೆರ್ನಾರ್ದಿನೊ ದೆ ಸಹಗುನ್ ಟ್ಲಾಟೆಲೊಲ್ಕೊ ನಗರಭಾಗದಲ್ಲಿ 1536ರಲ್ಲಿ ಆರಂಭವಾದ ವಿದ್ಯಾಲಯದಲ್ಲಿ ಓದಿದ ಅಂತೋನಿಯೊ ವಲೆರಿಯಾನೊ ಮೊದಲಾದ ಸ್ಥಳೀಯ ವಿದ್ವಾಂಸರ ನೆರವಿನಿಂದ ಹಿರಿಯರ ಹೇಳಿಕೆಗಳನ್ನು ಸಂಗ್ರಹಿಸಿ, ನಹುವಾಟ್ಲ್ ಮತ್ತು ಸ್ಪ್ಯಾನಿಷ್ ಪಠ್ಯಗಳನ್ನು ಅಕ್ಕಪಕ್ಕದ ಅಂಕಣಗಳಲ್ಲಿ ಬರೆಸಿ, ಸಾವಿರಾರು ಚಿತ್ರಗಳನ್ನು ಸೇರಿಸಿ ಹನ್ನೆರಡು ಭಾಗಗಳ ಮಹಾಗ್ರಂಥವನ್ನು 1577ರ ಹೊತ್ತಿಗೆ ಸಿದ್ಧಪಡಿಸಿದ. ಈಗ ಫ್ಲಾರೆನ್ಸಿನ ಲಾರೆನ್ಶಿಯನ್ ಗ್ರಂಥಾಲಯದಲ್ಲಿರುವ ಈ ‘ಫ್ಲಾರೆನ್ಟೈನ್ ಕೋಡೆಕ್ಸ್’ನ ಹನ್ನೆರಡನೆಯ ಭಾಗ ಯುದ್ಧದ ಕಥನ. ಅಂಗಳದ ಬಾಗಿಲುಗಳನ್ನು ಮುಚ್ಚಿದ್ದು, ಮೊದಲಿಗೆ ಮದ್ದಳೆಯವನ ಕೈಗಳನ್ನೇ ಕಡಿದದ್ದು, ಗೋಡೆ ಹತ್ತಿ ತಪ್ಪಿಸಿಕೊಳ್ಳಲು ಹೆಣಗಿದವರ ಪಾಡು ಇವೆಲ್ಲ ಅಲ್ಲಿ ಎಡೆಬಿಡದೆ ಬರುತ್ತವೆ. ಹಾಗೆಂದು ಇದನ್ನು ಪಕ್ಷಪಾತವಿಲ್ಲದ ಸಾಕ್ಷ್ಯವೆಂದು ಭಾವಿಸುವುದೂ ಸರಿಯಲ್ಲ. ಹೇಳಿಕೆ ಕೊಟ್ಟವರು ಟ್ಲಾಟೆಲೊಲ್ಕೊದವರಾದ್ದರಿಂದ ಮೊಕ್ಟೆಜುಮಾ ಹೇಡಿಯಾಗಿಯೂ, ನೆರೆಯ ಟೆನೊಚ್ಟಿಟ್ಲಾನಿನವರು ಎದೆಗುಂದಿದವರಾಗಿಯೂ, 1521ರ ಆಗಸ್ಟ್ 13ರವರೆಗೆ ಕಾದಾಡಿದ ಕೀರ್ತಿ ತಮ್ಮವರದಾಗಿಯೂ ಚಿತ್ರಿತವಾಗಿವೆ.

‘ಮೂಲನಿವಾಸಿಗಳ ದೃಷ್ಟಿ’ ಎಂದು ಒಂದೇ ದೃಷ್ಟಿಯನ್ನು ಹುಡುಕುವ ಆಧುನಿಕ ಓದು ಇಲ್ಲಿ ಎಡವುತ್ತದೆ. ಅಸ್ತೆಕರ ಹಗೆಗಳಾಗಿದ್ದ ಟ್ಲಾಷ್ಕಾಲಾದವರು ಸ್ಪೇನಿಗರೊಡನೆ ಸೇರಿ ಹೋರಾಡಿದವರು. 1552ರ ಸುಮಾರಿಗೆ ಅವರು ದೊಡ್ಡ ಬಟ್ಟೆಯ ಮೇಲೆ ಚಿತ್ರಿಸಿದ ಯುದ್ಧಕಥೆಯಲ್ಲಿ ಸೋತವರ ದುಃಖವಿಲ್ಲ. ಗೆದ್ದವರ ಜೊತೆಗಾರರಿಗೆ ಸಲ್ಲಬೇಕಾದ ಸವಲತ್ತಿನ ನೆನಪು ಅದರಲ್ಲಿದೆ. 1560ರಲ್ಲಿ ವೆಹೋಟ್ಸಿಂಕೊ ಪಟ್ಟಣದ ಆಡಳಿತ ಮಂಡಲಿ ಎರಡನೆಯ ಫಿಲಿಪ್ ದೊರೆಗೆ ನಹುವಾಟ್ಲ್ ಭಾಷೆಯಲ್ಲೇ ಪತ್ರ ಬರೆದು, ತಾವೂ ನೆರವಾದವರೇ, ಕ್ರೈಸ್ತಮತವನ್ನು ಯಾರ ಬಲವಂತವೂ ಇಲ್ಲದೆ ಸ್ವೀಕರಿಸಿದವರೇ, ಟ್ಲಾಷ್ಕಾಲಾದವರಷ್ಟು ತಕರಾರು ಮಾಡಿದವರೂ ಅಲ್ಲ, ಹೀಗಿದ್ದೂ ಕಪ್ಪದ ಹೊರೆ ತಮ್ಮ ತಲೆಯ ಮೇಲೇಕೆ ಎಂದು ಕೇಳಿತು. ಕೊರ್ಟೆಸ್ ಬಳಸಿದ ಅರಿಕೆಯ ರೂಪವನ್ನು ಒಂದೇ ತಲೆಮಾರಿನಲ್ಲಿ ಕಲಿತು ತಮ್ಮ ಭಾಷೆಗೆ ಒಗ್ಗಿಸಿಕೊಂಡ ಈ ಪಟ್ಟಣದವರ ಚಾತುರ್ಯಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಪೆರುವಿನಲ್ಲಿ ಈ ರೂಪ ತನ್ನ ಎಲ್ಲೆಯನ್ನು ಮುಟ್ಟಿತು. 1532ರ ನವೆಂಬರ್ 16ರಂದು ಕಹಮಾರ್ಕಾದಲ್ಲಿ ಇಂಕಾ ದೊರೆ ಅತವಾಲ್ಪ ಪಾದ್ರಿ ವಲ್ವೆರ್ದೆ ಕೊಟ್ಟ ಧರ್ಮಗ್ರಂಥವನ್ನು ಎಸೆದದ್ದೇ ಸ್ಪೇನಿಗರ ದಾಳಿಗೆ ನೆಪವಾಯಿತೆಂದು ಸ್ಪೇನಿಗರ ಮುಖಂಡ ಪಿಸಾರೊನ ಕಾರ್ಯದರ್ಶಿ ಫ್ರಾನ್ಸಿಸ್ಕೊ ದೆ ಹೆರೆಸ್ 1534ರಲ್ಲಿ ಅಚ್ಚಾದ ತನ್ನ ವರದಿಯಲ್ಲಿ ಸೂಚಿಸುತ್ತಾನೆ. ಅತವಾಲ್ಪನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಮಾಂಕೊ ಇಂಕಾನ ಮಗ ತಿತು ಕುಸಿ ಯುಪಾಂಕಿ ವಿಲ್ಕಬಾಂಬಾದ ಕಾಡುಗಳಲ್ಲಿ ಇನ್ನೂ ಸ್ವತಂತ್ರವಾಗಿದ್ದಾಗ, 1570ರಲ್ಲಿ ಬರೆಯಿಸಿ ಸ್ಪೇನಿನ ದೊರೆಗೆ ಕಳಿಸಿದ ಕಥನದಲ್ಲಿ ಅದಕ್ಕೂ ಹಿಂದಿನ ಒಂದು ಸಂಗತಿ ಸೇರುತ್ತದೆ: ಅತವಾಲ್ಪ ಚಿನ್ನದ ಬಟ್ಟಲಿನಲ್ಲಿ ಕೊಟ್ಟ ಚಿಚಾವನ್ನು, ಎಂದರೆ ಮೆಕ್ಕೆಜೋಳದ ಮದ್ಯವನ್ನು, ಸ್ಪೇನಿಗರು ಕುಡಿಯದೆ ನೆಲಕ್ಕೆ ಚೆಲ್ಲಿದ್ದರು. ಅತಿಥಿ ಮರ್ಯಾದೆಯನ್ನು ಮೊದಲು ಮುರಿದವರು ಯಾರೆಂಬ ಪ್ರಶ್ನೆ ಇದರಿಂದ ತಲೆಕೆಳಗಾಗುತ್ತದೆ.

ಪೆರುವಿನ ಮೂಲನಿವಾಸಿ ಫೆಲಿಪೆ ಗ್ವಾಮನ್ ಪೋಮ ದೆ ಅಯಾಲ ಸುಮಾರು 1615ರಲ್ಲಿ ಮುಗಿಸಿದ, ಹೆಚ್ಚುಕಡಿಮೆ 1,200 ಪುಟಗಳ, 398 ರೇಖಾಚಿತ್ರಗಳ ಹಸ್ತಪ್ರತಿ ಕೂಡ ಮೂರನೆಯ ಫಿಲಿಪ್ ದೊರೆಯನ್ನು ಉದ್ದೇಶಿಸಿದ ಪತ್ರವೇ. ಸ್ಥಳೀಯ ‘ವಿಗ್ರಹಾರಾಧನೆ’ಯನ್ನು ಅಳಿಸಲು ಹೊರಟ ಪಾದ್ರಿಯೊಬ್ಬನ ಕೈಕೆಳಗೆ ಸಹಾಯಕನಾಗಿದ್ದ ಇವನು, ಜಮೀನಿನ ವ್ಯಾಜ್ಯವೊಂದರಲ್ಲಿ ಸೋತು 1600ರಲ್ಲಿ 200 ಛಡಿಯೇಟು ಮತ್ತು ಗಡೀಪಾರಿನ ಶಿಕ್ಷೆಗೆ ಗುರಿಯಾದವನು. ಗಣಿಯಾಳುಗಳನ್ನು ಥಳಿಸುವ ಅಧಿಕಾರಿಗಳು, ನೇಯಲು ಹೆಂಗಸರನ್ನು ಹಿಂಸಿಸುವ ಪಾದ್ರಿಗಳು ಅವನ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. ಸ್ಪೇನಿನ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ 1552ರಲ್ಲಿ ಪ್ರಕಟಿಸಿದ ದೌರ್ಜನ್ಯಗಳ ಕಿರುವರದಿ ಯುರೋಪಿನಾದ್ಯಂತ ಓದಿಸಿಕೊಂಡರೆ, ಗ್ವಾಮನ್ ಪೋಮನ ಕೃತಿ ದೊರೆಯ ಕೈ ಸೇರಿದ ಕುರುಹಿಲ್ಲ. 1908ರಲ್ಲಿ ಜರ್ಮನ್ ವಿದ್ವಾಂಸ ರಿಚರ್ಡ್ ಪೀಚ್‌ಮನ್ ಅದನ್ನು ಕೋಪನ್‌ಹೇಗನ್ನಿನ ರಾಜಗ್ರಂಥಾಲಯದಲ್ಲಿ ಗುರುತಿಸಿದ.

ಮತ್ತೆ ಬ್ರೆಜಿಲ್ ಕಡೆಗೆ ಬಂದರೆ, ಅಲ್ಲಿಗೆ ಹೋದ ಪೋರ್ಚುಗೀಸರೇ ವಿಜಯನಗರವನ್ನು ಕಂಡು ಬರೆದ ಬಗೆಯನ್ನು ಡೊಮಿಂಗೊ ಪಾಯಸ್ ಮತ್ತು ನ್ಯೂನಿಜ್‌ರ ವರದಿಗಳಿಂದ ಬಲ್ಲ ಕನ್ನಡ ಓದುಗರಿಗೆ ಬ್ರೆಜಿಲ್ ಬರಹಗಳು ಬೇರೆಯಾಗಿ ತೋರುತ್ತವೆ. ತಾವು ಕುದುರೆ ಮಾರುತ್ತಿದ್ದ ಬಲಿಷ್ಠ ರಾಜ್ಯವನ್ನು ನೋಡುವ ಕಣ್ಣೂ ವಶಪಡಿಸಿಕೊಳ್ಳಬೇಕಾದ ಕರಾವಳಿಯನ್ನು ನೋಡುವ ಕಣ್ಣೂ ಒಂದೇ ಆಗಿರಲಿಲ್ಲ. ಬ್ರೆಜಿಲ್‌ನಲ್ಲಿ ತುಪಿ ಜನರ ಸ್ವಂತ ಬರವಣಿಗೆಯೆಂದು ಉಳಿದಿರುವುದು ತೀರ ಕಡಿಮೆ. ಅದರಲ್ಲಿ ಮುಖ್ಯವಾದವು 1645ರಲ್ಲಿ, ಪೋರ್ಚುಗೀಸರಿಗೂ ಡಚ್ಚರಿಗೂ ಯುದ್ಧ ನಡೆಯುತ್ತಿದ್ದಾಗ, ಪೊಟಿಗ್ವಾರಾ ಕುಲದ ನಾಯಕರು ಬರೆದುಕೊಂಡ ಪತ್ರಗಳು. ಪೋರ್ಚುಗೀಸರ ಪಕ್ಷದ ಫೆಲಿಪೆ ಕಮರಾಂವ್ ಡಚ್ಚರ ಪಕ್ಷದಲ್ಲಿದ್ದ ತನ್ನ ಬಂಧು ಪೆದ್ರೊ ಪೊಟಿಯನ್ನು ಮರಳಿ ಬರುವಂತೆ ತುಪಿ ಭಾಷೆಯಲ್ಲಿ ಕರೆದರೆ, ಯೌವನದಲ್ಲಿ ಹಾಲೆಂಡಿಗೆ ಹೋಗಿ ಬಂದಿದ್ದ ಪೊಟಿ ಪೋರ್ಚುಗೀಸರು ತನ್ನವರ ಮೇಲೆಸಗಿದ ಕೊಲೆಗಳನ್ನೂ ದಾಸ್ಯವನ್ನೂ ನೆನಪಿಸಿ ನಿರಾಕರಿಸಿದ. ಯಾವ ದೊರೆಯನ್ನೂ ಓಲೈಸದ ಈ ಬರಹಗಳು ಉಳಿದುಕೊಂಡದ್ದು ಡಚ್ಚರ ಕಡತಗಳಲ್ಲಿ. ಪೊಟಿಯ ಉತ್ತರ ಈಗ ಡಚ್ ಅನುವಾದದಲ್ಲಿ ಮಾತ್ರ ಸಿಗುತ್ತದೆ.